ಲೆನ್ಸಿನ ತಪ್ಪಲ್ಲ

೨೦೦೬ರಲ್ಲಿ ನಾನು ಶಿವಮೊಗ್ಗದ ಒಂದು ಕಲರ್ ಲ್ಯಾಬಿನಲ್ಲಿ ಡಿಜಿಟಲ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದೆ. ರವೀಂದ್ರನಗರದ ನಮ್ಮ ಮನೆಯಿಂದ ಬೆಳಿಗ್ಗೆ ಹೊರಟು, ಕೋಟೆಯ ಕಡೆ ಹೋಗುವ ರಸ್ತೆಯಲ್ಲಿದ್ದ ಲ್ಯಾಬಿನ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದೆ. ಅದಕ್ಕೂ ಮೊದಲಿನ ಬಹಳಷ್ಟು ವರ್ಷ ನಾನು ಮಾಡಿದ್ದು ಫಿಲಂ ತೊಳೆದು ಪ್ರಿಂಟ್ ಹಾಕುವ ಕೆಲಸ. ಆಗಷ್ಟೇ ಕಾಲ ಬದಲಾಗುತ್ತಿತ್ತು. ಫಿಲಂ ರೋಲು ತರುತ್ತಿದ್ದ ಫೋಟೊಗ್ರಾಫರುಗಳು ಒಬ್ಬೊಬ್ಬರಾಗಿ ಸಿ.ಡಿ. ತರತೊಡಗಿದ್ದರು. ಅವರು ತಂದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಬಣ್ಣ ಸರಿಪಡಿಸಿ, ಪ್ರಿಂಟಿಗೆ ಕಳಿಸುವುದು ನನ್ನ ಕೆಲಸವಾಗಿತ್ತು.

ಮುಂದೆ ಹೇಳುವ ಸಂಗತಿ ಅರ್ಥವಾಗಬೇಕಾದರೆ ನಮ್ಮ ಕೆಲಸದ ಒಂದು ಮಾತನ್ನು ವಿವರಿಸಬೇಕು. ಡಿಜಿಟಲ್ ಫೋಟೊ ಎಂದರೆ ಬಣ್ಣದ ಚುಕ್ಕಿಗಳ ಸಾಲು. ಒಂದೊಂದು ಚುಕ್ಕಿಯೂ ಒಂದು ಪಿಕ್ಸೆಲ್. ಆ ಕಾಲದ ಆರು ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊದಲ್ಲಿ ಅಡ್ಡಕ್ಕೆ ಸುಮಾರು ಮೂರು ಸಾವಿರ, ಉದ್ದಕ್ಕೆ ಎರಡು ಸಾವಿರ ಚುಕ್ಕಿಗಳಿರುತ್ತಿದ್ದವು. ನನ್ನ ಮಾನಿಟರಿನಲ್ಲಿ ಅಡ್ಡಕ್ಕೆ ಇದ್ದದ್ದು ಸಾವಿರ ಚುಕ್ಕಿಗಳಷ್ಟೆ. ಹಾಗಾಗಿ ಇಡೀ ಫೋಟೊವನ್ನು ಪರದೆಯ ಮೇಲೆ ತಂದರೆ ಅದು ಕುಗ್ಗಿದ ಫೋಟೊ. ಕುಗ್ಗಿದಾಗ ಸಣ್ಣಪುಟ್ಟ ಮಬ್ಬು ಮುಚ್ಚಿಹೋಗಿ ಎಲ್ಲವೂ ಚೊಕ್ಕಟವಾಗಿಯೇ ಕಾಣುತ್ತದೆ. 'ನೂರು ಪರ್ಸೆಂಟ್' ಎಂದರೆ ಫೋಟೊದ ಒಂದು ಚುಕ್ಕಿಗೆ ಪರದೆಯ ಒಂದು ಚುಕ್ಕಿ. ಆಗ ಕಾಣುವುದು ಇಡೀ ಫೋಟೊದ ಎಂಟನೇ ಒಂದು ಭಾಗ ಮಾತ್ರ. ಅದೇ ಅಳತೆಯಲ್ಲಿ ಇಡೀ ಫೋಟೊವನ್ನು ಹರಡಿದರೆ ಮೂರು ಅಡಿಗಿಂತ ಅಗಲವಾಗುತ್ತದೆ. ಅಂದರೆ ಮೂರಡಿ ಅಗಲದ ಚಿತ್ರವನ್ನು ಒಂದೂವರೆ ಅಡಿ ದೂರದಲ್ಲಿ ಕುಳಿತು ನೋಡಿದ ಹಾಗೆ. ಹಾಗೆ ನೋಡಿದರೆ ಎಂಥ ಒಳ್ಳೆಯ ಫೋಟೊ ಕೂಡ ಸ್ವಲ್ಪ ಮೆತ್ತಗೇ ಕಾಣುತ್ತದೆ. ಇದು ಗೊತ್ತಿಲ್ಲದೆ ಆ ವರ್ಷಗಳಲ್ಲಿ ಎಷ್ಟೋ ಮನೆಗಳಲ್ಲಿ ಫೋಟೊಗ್ರಾಫರುಗಳ ಜೊತೆ ಜಗಳವಾಯಿತು. ನಾನು ಹೇಳುವುದು ಕೂಡ ಅಂಥ ಒಂದು ಜಗಳದಿಂದಲೇ ಶುರುವಾದದ್ದು.

ಭದ್ರಾವತಿಯಲ್ಲಿ ಅನ್ವರ್ ಭಾಯ್ ಎಂಬ ಫೋಟೊಗ್ರಾಫರ್ ಇದ್ದರು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಫ್ಯಾಕ್ಟರಿ ಕೆಲಸದವರ ಬಡಾವಣೆಗಳಲ್ಲಿ ಮದುವೆ, ನಾಮಕರಣ, ಸೀಮಂತ ಎಂದರೆ ಅವರನ್ನೇ ಕರೆಯುತ್ತಿದ್ದರು. ಫಿಲಂ ಕಾಲದಲ್ಲಿ ಅವರ ರೋಲುಗಳನ್ನು ತೊಳೆದಾಗ ನಾನೇ ಎಷ್ಟೋ ಸಲ ಬೆರಗಾಗಿದ್ದೇನೆ. ಫ್ಲ್ಯಾಷ್ ಇಲ್ಲದೆ, ಕಲ್ಯಾಣ ಮಂಟಪದ ಮಂದ ಬೆಳಕಿನಲ್ಲಿ, ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಶಟರ್ ತೆರೆದಿಟ್ಟು ತೆಗೆದ ಫೋಟೊ ಕೂಡ ಅಲುಗಾಡಿರುತ್ತಿರಲಿಲ್ಲ. ಅಷ್ಟು ಹೊತ್ತು ಕ್ಯಾಮೆರಾವನ್ನು ಕೈಯಲ್ಲಿ ಅಲುಗದಂತೆ ಹಿಡಿಯುವುದು ಎಲ್ಲರಿಗೂ ಆಗುವ ಕೆಲಸವಲ್ಲ.

ಅವರ ಜೊತೆ ಸ್ಟುಡಿಯೋದಲ್ಲಿ ಪಾಲುದಾರನಾಗಿದ್ದವನು ಲೋಕೇಶ. ಮಲವಗೊಪ್ಪದವನು, ನಲವತ್ತರ ಆಸುಪಾಸು. ಹರೆಯದಲ್ಲಿ ಅನ್ವರ್ ಭಾಯ್ ಹತ್ತಿರ ಕೆಲಸ ಕಲಿಯಲು ಬಂದವನು ಅಲ್ಲೇ ನಿಂತು ಪಾಲುದಾರನಾದ. ಭಾಯ್ ಕ್ಯಾಮೆರಾ ಹಿಡಿದರೆ ಲೈಟು, ಸಾಮಾನು, ಆಲ್ಬಂ ಕೆಲಸವೆಲ್ಲ ಲೋಕೇಶನದು. ಡಿಜಿಟಲ್ ಕ್ಯಾಮೆರಾ ತೆಗೆದುಕೊಳ್ಳಬೇಕೆಂದು ಹಟ ಹಿಡಿದವನು ಅವನೇ. ಬೆಂಗಳೂರಿಗೆ ಹೋಗಿ ಅದಕ್ಕೊಂದು ಒಳ್ಳೆಯ ಲೆನ್ಸನ್ನು ಆರಿಸಿ ತಂದವನೂ ಅವನೇ.

ಆ ವರ್ಷ ಮದುವೆಯ ದಿನಗಳು ಮುಗಿಯುತ್ತ ಬಂದ ಸಮಯ. ಒಂದು ಬೆಳಿಗ್ಗೆ ಅನ್ವರ್ ಭಾಯ್ ಒಬ್ಬರೇ ಲ್ಯಾಬಿಗೆ ಬಂದರು. ಹೆಗಲಿಗೆ ಕ್ಯಾಮೆರಾ ಬ್ಯಾಗು, ಕೈಯಲ್ಲಿ ಸಿ.ಡಿ. ಸಾಮಾನ್ಯವಾಗಿ ಸಿ.ಡಿ. ತರುತ್ತಿದ್ದವನು ಲೋಕೇಶ.

"ಲೋಕೇಶ ಬರ್ಲಿಲ್ವಾ ಭಾಯ್?" ಎಂದೆ.

"ಅವನ ಹೆಸರು ಎತ್ತಬೇಡಮ್ಮ. ಹೊರಗೆ ಹಾಕ್ದೆ" ಎಂದರು.

ಆಮೇಲೆ ಕುಳಿತು ನಡೆದದ್ದನ್ನು ಹೇಳಿದರು. ಭದ್ರಾವತಿಯ ಜನ್ನಾಪುರದಲ್ಲಿ ಶಿವಣ್ಣ ಎಂಬುವರ ಮಗಳು ಸವಿತಾಳ ಮದುವೆ. ಶಿವಣ್ಣ ಫ್ಯಾಕ್ಟರಿಯಿಂದ ನಿವೃತ್ತರಾದವರು. ಅವರ ತಾಯಿ ಗಂಗಮ್ಮ ಜೀವಮಾನದಲ್ಲಿ ಕ್ಯಾಮೆರಾದ ಮುಂದೆ ನಿಂತವರಲ್ಲ, ಫೋಟೊ ಎಂದರೆ ಮುಖಕ್ಕೆ ಸೆರಗು ಅಡ್ಡ ಹಿಡಿಯುತ್ತಿದ್ದರಂತೆ. ಮೊಮ್ಮಗಳಿಗೆ ಅಕ್ಷತೆ ಹಾಕುವಾಗ ಮಾತ್ರ ಸುಮ್ಮನೆ ನಿಂತಿದ್ದರು. ಅನ್ವರ್ ಭಾಯ್ ಆ ಕ್ಷಣ ಬಿಡದೆ ತೆಗೆದಿದ್ದರು. ಮದುವೆಯಾಗಿ ತಿಂಗಳೊಳಗೆ ಗಂಗಮ್ಮ ತೀರಿಕೊಂಡರು. ಅವರದೆಂದು ಮನೆಯಲ್ಲಿದ್ದದ್ದು ಅದೊಂದೇ ಫೋಟೊ. ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕೆಂದು ಶಿವಣ್ಣ ಬಯಸಿದರು. ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ಸಿ.ಡಿ. ಹಾಕಿ, ಹಿಗ್ಗಿಸಿ ನೋಡಿದರೆ ಅಜ್ಜಿಯ ಮುಖ ಮಬ್ಬು. ಉಳಿದ ಫೋಟೊಗಳನ್ನೂ ಹಿಗ್ಗಿಸಿ ನೋಡಿದರು. ಎಲ್ಲವೂ ಮಬ್ಬು ಎಂದು ತೀರ್ಮಾನಿಸಿ ಅನ್ವರ್ ಭಾಯ್, ಲೋಕೇಶ ಇಬ್ಬರನ್ನೂ ಮನೆಗೆ ಕರೆಸಿದರು. ಗಂಗಮ್ಮನ ಕಾರ್ಯಕ್ಕೆ ಬಂದಿದ್ದ ನೆಂಟರೆಲ್ಲ ಇನ್ನೂ ಅಲ್ಲೇ ಇದ್ದರು.

"ಎಲ್ಲರೂ ನನ್ನ ಮುಖಾನೇ ನೋಡ್ತಿದಾರೆ. ಮೂವತ್ತು ವರ್ಷದಲ್ಲಿ ಒಬ್ರ ಹತ್ರ ಅಂಥ ಮಾತು ಕೇಳಿರ್ಲಿಲ್ಲ. ಲೆನ್ಸ್ ಕೆಟ್ಟಿದೆ, ಇವನು ಎಲ್ಲೋ ಬೀಳಿಸಿ ಮುಚ್ಚಿಟ್ಟಿದಾನೆ ಅಂದೆ. ಬೀಳ್ಸಿಲ್ಲ ಭಾಯ್ ಅಂದ. ಸುಳ್ಳು ಬೊಗಳಬೇಡ, ಇನ್ನು ಸ್ಟುಡಿಯೋ ಕಡೆ ಬರಬೇಡ ಅಂದೆ. ಎದ್ದು ಹೋದ."

ಅವರು ನನ್ನಿಂದ ಬಯಸಿದ್ದು ಎರಡು ಕೆಲಸ. ಒಂದು, ಅಜ್ಜಿಯ ಫೋಟೊವನ್ನು ಕಂಪ್ಯೂಟರಿನಲ್ಲಿ ಶಾರ್ಪ್ ಮಾಡಿ ದೊಡ್ಡ ಪ್ರಿಂಟ್ ತೆಗೆದುಕೊಡುವುದು. ಎರಡು, ಲೆನ್ಸ್ ಕೆಟ್ಟಿದೆಯೆಂದು ನೋಡಿ ಹೇಳುವುದು. ನಾನು ಹೇಳಿದರೆ ಲೆನ್ಸನ್ನು ಕೊಟ್ಟ ಅಂಗಡಿಗೆ ವಾಪಸು ಕಳಿಸುವ ಯೋಚನೆ ಅವರಿಗಿತ್ತು.

ಅಜ್ಜಿಯ ಫೋಟೊ ತೆರೆದೆ. ಪರದೆಯ ತುಂಬ ಕುಗ್ಗಿ ಬಂದಾಗ ಅದು ಎಷ್ಟು ಚೆನ್ನಾಗಿತ್ತೆಂದರೆ ಒಂದು ಕ್ಷಣ ಸುಮ್ಮನೆ ನೋಡುತ್ತ ಕುಳಿತೆ. ಬಾಗಿದ ಬೆನ್ನು, ಎತ್ತಿದ ಕೈ, ಬೆರಳ ಸಂದಿಯಿಂದ ಜಾರುತ್ತಿರುವ ಅಕ್ಕಿ, ತಲೆ ತಗ್ಗಿಸಿದ ಮೊಮ್ಮಗಳು. ನೂರು ಪರ್ಸೆಂಟ್‌ಗೆ ತಂದೆ. ಮುಖ ಕದಡಿಹೋಯಿತು. ಅಜ್ಜಿಯ ಮೂಗುಬೊಟ್ಟಿನ ಹೊಳಪು ಚುಕ್ಕಿಯಾಗಿ ಕಾಣಬೇಕಿತ್ತು. ಅದು ಸಣ್ಣದೊಂದು ಓರೆ ಗೆರೆಯಾಗಿತ್ತು.

ಮಬ್ಬಿನಲ್ಲಿ ಬೇರೆ ಬೇರೆ ಬಗೆಗಳಿವೆ. ಫೋಕಸ್ ತಪ್ಪಿದ್ದರೆ ಮುಖ ಮಬ್ಬಾಗಿದ್ದರೂ ಹಿಂದಿನದೋ ಮುಂದಿನದೋ ಏನಾದರೊಂದು ಚೊಕ್ಕವಾಗಿರುತ್ತದೆ. ಎದುರಿನವರು ಅಲುಗಿದ್ದರೆ ಅವರು ಮಾತ್ರ ಕದಡಿ, ಕಂಬ, ಕುರ್ಚಿ ಸರಿಯಾಗಿರುತ್ತವೆ. ಲೆನ್ಸ್ ಕೆಟ್ಟಿದ್ದರೆ ಸಾಮಾನ್ಯವಾಗಿ ಪ್ರತಿ ಫೋಟೊದಲ್ಲೂ ಅದೇ ಜಾಗ, ಅದೇ ಮೂಲೆ ಕೆಡುತ್ತದೆ. ಇಲ್ಲಿ ಹಾಗಿರಲಿಲ್ಲ. ಅಜ್ಜಿ, ಮೊಮ್ಮಗಳು, ಮಂಟಪದ ಕಂಬ, ಹಿಂದಿನ ಗೋಡೆಯ ದೀಪದ ಸರ ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಉದ್ದಕ್ಕೆ ಎಳೆದುಹೋಗಿದ್ದವು. ದೀಪದ ಸರದ ಒಂದೊಂದು ಬಲ್ಬೂ ಮೂಗುಬೊಟ್ಟಿನಂತೆಯೇ ಓರೆ ಗೆರೆಯಾಗಿತ್ತು. ಇಡೀ ಚಿತ್ರ ಒಟ್ಟಾಗಿ ಎಳೆದಿದೆ ಎಂದರೆ ಅಲುಗಿದ್ದು ಕ್ಯಾಮೆರಾ.

ಒಂದು ಫೋಟೊದಲ್ಲಿ ಹಾಗಾಗುವುದು ದೊಡ್ಡದಲ್ಲ. ಯಾರೋ ಮೈ ತಾಗಿಸಿರಬಹುದು. ಮುಂದಿನದು ತೆರೆದೆ, ಅದರ ಮುಂದಿನದು ತೆರೆದೆ. ಫ್ಲ್ಯಾಷ್ ಹಾಕಿದ ಫೋಟೊಗಳು ಪರವಾಗಿಲ್ಲ, ಫ್ಲ್ಯಾಷಿನ ಬೆಳಕು ಕ್ಷಣಮಾತ್ರ ಮಿಂಚಿ ಅಲುಗಾಟವನ್ನು ಮುಚ್ಚುತ್ತದೆ. ಶಿವಣ್ಣನವರಿಗೆ ಮಬ್ಬಾಗಿ ಕಂಡ ಬಹಳಷ್ಟು ಫೋಟೊಗಳು ನಿಜವಾಗಿ ಸರಿಯಾಗಿಯೇ ಇದ್ದವು. ನೂರು ಪರ್ಸೆಂಟ್‌ನಲ್ಲಿ ಎಲ್ಲ ಫೋಟೊ ಹೇಗೆ ಕಾಣುತ್ತದೋ ಹಾಗೆ ಕಂಡಿದ್ದವು ಅಷ್ಟೆ. ಆದರೆ ಫ್ಲ್ಯಾಷ್ ಇಲ್ಲದೆ, ವಿಡಿಯೋದವರ ಲೈಟಿನಲ್ಲಿ ತೆಗೆದ ಪ್ರತಿಯೊಂದರಲ್ಲೂ ಆ ಗೆರೆ ಇತ್ತು. ಕ್ಯಾಮೆರಾ ತಾನೇ ಫೋಟೊದ ಒಳಗೆ ಬರೆದಿಡುವ ಶಟರ್ ವೇಗವನ್ನು ನೋಡಿದೆ. ಸೆಕೆಂಡಿನ ಅರವತ್ತನೇ ಒಂದು ಭಾಗ, ಬಹಳ ಕಡಿಮೆ ಹೊತ್ತು. ಹದಿನೈದನೇ ಒಂದರಲ್ಲಿ ಕಲ್ಲಿನಂತೆ ನಿಲ್ಲುತ್ತಿದ್ದ ಕೈ ಅದು.

ಕೊನೆಗೆ ಸಿಕ್ಕಿದ್ದು ವೇದಿಕೆಯ ಮೇಲಿನ ಗ್ರೂಪ್ ಫೋಟೊಗಳು. ಅವೂ ಅದೇ ದಿನ, ಅದೇ ಲೆನ್ಸಿನಲ್ಲಿ, ಅದೇ ಬೆಳಕಿನಲ್ಲಿ ತೆಗೆದವು. ಅವುಗಳಲ್ಲಿ ಹಿಂದಿನ ಸಾಲಿನವರ ಅಂಗಿಯ ಗುಂಡಿಯ ತೂತನ್ನೂ ಎಣಿಸಬಹುದಿತ್ತು.

"ಇವನ್ನ ಹೆಂಗೆ ತೆಗೆದ್ರಿ ಭಾಯ್?"

"ಟ್ರೈಪಾಡ್ ಮೇಲೆ. ಲೋಕೇಶ ಬಿಡ್ಲಿಲ್ಲ. ಗ್ರೂಪ್ ಆದ್ರೂ ಟ್ರೈಪಾಡ್ ಮೇಲೆ ಇಟ್ಟು ತೆಗೀರಿ ಅಂತ ವರ್ಷದಿಂದ ಅವಂದು ಅದೇ ರಗಳೆ."

ನನಗೆ ಗೊತ್ತಾಗಿಹೋಯಿತು. ಆದರೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಸುಮ್ಮನಿರಲಾಗದೆ ಮೊದಲು ಶಾರ್ಪ್ ಮಾಡುವ ಪ್ರಯತ್ನ ಮಾಡಿದೆ. ಸಾಫ್ಟ್‌ವೇರ್ ಮಾಡುವ ಶಾರ್ಪ್ ಎಂದರೆ ಇಲ್ಲದ್ದನ್ನು ತರುವುದಲ್ಲ, ಅಂಚಿನ ಕಪ್ಪನ್ನು ಇನ್ನಷ್ಟು ಕಪ್ಪು, ಬಿಳಿಯನ್ನು ಇನ್ನಷ್ಟು ಬಿಳಿ ಮಾಡುವುದು. ಎಳೆದುಹೋದ ಫೋಟೊಗೆ ಅದನ್ನು ಹಾಕಿದರೆ ಎಳೆದ ಗೆರೆಗಳೇ ಗಟ್ಟಿಯಾಗುತ್ತವೆ. ಅಜ್ಜಿಯ ಮುಖದ ಸುತ್ತ ಬಿಳಿ ಗೆರೆ ಎದ್ದಿತು, ಸುಕ್ಕುಗಳು ಗಾಯದ ಹಾಗೆ ಕಂಡವು. ಅನ್ವರ್ ಭಾಯ್ ಮುಖ ತಿರುಗಿಸಿ, "ಬೇಡ, ತೆಗಿ ಅದನ್ನ" ಎಂದರು.

"ಭಾಯ್, ಲೆನ್ಸ್ ಒಂದ್ಸಲ ಟೆಸ್ಟ್ ಮಾಡೋಣ" ಎಂದೆ. ನೇರವಾಗಿ ಹೇಳಲು ಧೈರ್ಯ ಸಾಲದೆ ಹುಡುಕಿಕೊಂಡ ದಾರಿ ಅದು. ಲ್ಯಾಬಿನ ಟ್ರೈಪಾಡ್ ತಂದು ಅವರ ಕ್ಯಾಮೆರಾವನ್ನು ಅದರ ಮೇಲೆ ಕೂರಿಸಿದೆ. ಗೋಡೆಯ ಮೇಲೆ ಸಣ್ಣ ಅಕ್ಷರಗಳ ಒಂದು ಕ್ಯಾಲೆಂಡರ್ ಇತ್ತು. ಫ್ಲ್ಯಾಷ್ ಇಲ್ಲದೆ, ಅರವತ್ತನೇ ಒಂದು ಸೆಕೆಂಡಿಗೆ ಅದರ ಫೋಟೊ ತೆಗೆದರು. ಆಮೇಲೆ ಅದೇ ಜಾಗದಲ್ಲಿ ನಿಂತು ಕೈಯಲ್ಲಿ ಹಿಡಿದು ತೆಗೆಯಲು ಹೇಳಿದೆ. ಅವರು ಕ್ಯಾಮೆರಾವನ್ನು ಕಣ್ಣಿಗೆ ಏರಿಸಿದಾಗ ನಾನು ಮೊದಲ ಬಾರಿಗೆ ಫೋಟೊವನ್ನು ಬಿಟ್ಟು ಅವರ ಕೈಯನ್ನು ನೋಡಿದೆ. ಲೆನ್ಸಿನ ತುದಿ ಸಣ್ಣಗೆ, ಬಿಡದೆ ನಡುಗುತ್ತಿತ್ತು.

ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟೆ. ಟ್ರೈಪಾಡಿನದರಲ್ಲಿ ಪಂಚಾಂಗದ ಸಣ್ಣ ಅಕ್ಷರವನ್ನೂ ಓದಬಹುದಿತ್ತು. ಇನ್ನೊಂದರಲ್ಲಿ ಅಕ್ಷರಗಳು ಜೋಡಿ ಜೋಡಿಯಾಗಿದ್ದವು. ಅಲ್ಲಿಗೆ ನಿಲ್ಲಿಸಬಹುದಿತ್ತು. ಲೆನ್ಸ್ ಸರಿಯಾಗಿದೆ ಎನ್ನುವುದಕ್ಕೆ ಅಷ್ಟು ಸಾಕಾಗಿತ್ತು. ಅನ್ವರ್ ಭಾಯ್ ಮಾತ್ರ, "ಅರವತ್ತಕ್ಕೆ ಯಾರ ಕೈಲಾದ್ರೂ ಒಂಚೂರು ಅಲ್ಲಾಡತ್ತಮ್ಮ" ಎಂದರು. ಆಗ ನಾನು ಕ್ಯಾಮೆರಾ ತೆಗೆದುಕೊಂಡು ಅದೇ ಜಾಗದಿಂದ ಒಂದು ಫೋಟೊ ತೆಗೆದು, ಅವರದರ ಪಕ್ಕಕ್ಕೆ ಇಟ್ಟೆ. ಕ್ಯಾಮೆರಾ ಹಿಡಿದು ಅಭ್ಯಾಸವಿಲ್ಲದ ನನ್ನ ಫೋಟೊದಲ್ಲಿ ಅಕ್ಷರಗಳು ಒಂಟಿಯಾಗಿ, ಸ್ಪಷ್ಟವಾಗಿದ್ದವು.

ಅನ್ವರ್ ಭಾಯ್ ಪರದೆಯನ್ನೇ ನೋಡುತ್ತ ಬಲಗೈಯನ್ನು ಎಡಗೈಯಿಂದ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡರು. ಆ ಮೂರನೇ ಫೋಟೊ ಬೇಕಿರಲಿಲ್ಲ ಎಂದು ನನಗೆ ಆ ಕ್ಷಣವೇ ಅನಿಸಿತು. ಮೂವತ್ತು ವರ್ಷ ಒಂದೇ ಕೆಲಸ ಮಾಡಿದವರ ಮುಂದೆ, ನಿಮಗಿಂತ ನನ್ನ ಕೈಯೇ ವಾಸಿ ಎಂದು ತೋರಿಸಿದ ಹಾಗಾಗಿತ್ತು. ನಾನು ಹೇಳಿದ್ದು ನಿಜವೇ, ಬೇರೆ ದಾರಿಯಲ್ಲಿ ಹೇಳಬಹುದಿತ್ತು.

ಕೊನೆಗೆ ಅವರು, "ಅವನು ಬೀಳ್ಸಿಲ್ಲ ಹಾಗಾದ್ರೆ" ಎಂದರು.

"ಇಲ್ಲ ಭಾಯ್."

"ಅಷ್ಟು ಜನರ ಎದುರಿಗೆ ಸುಳ್ಳ ಅಂದ್ಬಿಟ್ನಲ್ಲಮ್ಮ ಅವನ್ನ."

ಮೊದಲು ಡಾಕ್ಟರಿಗೆ ತೋರಿಸಿ ಎಂದೆ. ಅದು ಕಿವಿಗೆ ಬೀಳಲೇ ಇಲ್ಲ. "ಮೊದ್ಲು ಶಿವಣ್ಣನ ಮನೆಗೆ ಹೋಗ್ಬೇಕು. ನೀನೂ ಬಾ. ದೊಡ್ಡ ಪ್ರಿಂಟ್ ಯಾಕೆ ಆಗಲ್ಲ ಅಂತ ನಾನು ಹೇಳಿದ್ರೆ ನಂಬಲ್ಲ ಅವರು" ಎಂದರು. ಒಪ್ಪಿದೆ.

ಹೋಗುವ ಮೊದಲು ನನ್ನ ಕೈಲಾದ ಒಂದು ಕೆಲಸ ಮಾಡಿದೆ. ಬೇರೆ ಬೇರೆ ಅಳತೆಯಲ್ಲಿ ಅಜ್ಜಿಯ ಫೋಟೊದ ಪ್ರಿಂಟ್ ಹಾಕಿ, ಒಂದೊಂದನ್ನೂ ಕೈಯಳತೆಯ ದೂರದಲ್ಲಿ ಹಿಡಿದು ನೋಡಿದೆ. ಹನ್ನೆರಡು ಇಂಚಿಗೆ ಮುಖ ಕದಡುತ್ತಿತ್ತು. ಎಂಟಕ್ಕೆ ಅನುಮಾನ. ನಾಲ್ಕು-ಆರು ಇಂಚಿನ ಸಣ್ಣ ಪ್ರಿಂಟಿನಲ್ಲಿ ಮಾತ್ರ ಅಲುಗಾಟ ಕಣ್ಣಿಗೆ ಸಿಗುತ್ತಿರಲಿಲ್ಲ. ಆ ಅಳತೆಯಲ್ಲಿ ಅದು ಒಂದು ಪೂರ್ಣವಾದ ಫೋಟೊ. ಅದನ್ನೇ ಅಗಲವಾದ ಬಿಳಿ ಅಂಚಿನ ನಡುವೆ ಕೂರಿಸಿ ಕಟ್ಟು ಹಾಕಿಸಿದೆ.

ಭಾನುವಾರ ಬಸ್ಸಿನಲ್ಲಿ ಭದ್ರಾವತಿಗೆ ಹೋದೆವು. ಜನ್ನಾಪುರದ ಆ ಮನೆಯಲ್ಲಿ ಶಿವಣ್ಣ, ಅವರ ಹೆಂಡತಿ ಪಾರ್ವತಮ್ಮ ಮತ್ತು ತವರಿಗೆ ಬಂದಿದ್ದ ಸವಿತಾ ಇದ್ದರು. ಶಿವಣ್ಣ ನಮ್ಮನ್ನು ಕೂರಲು ಹೇಳಿದರೇ ಹೊರತು ಮುಖದಲ್ಲಿ ಸಿಟ್ಟು ಹಾಗೇ ಇತ್ತು. ನಾನು ದೊಡ್ಡ ಪ್ರಿಂಟಿನ ಮಾತು ಎತ್ತುವ ಮೊದಲೇ ಅನ್ವರ್ ಭಾಯ್ ಕುರ್ಚಿಯಿಂದ ಎದ್ದು ನಿಂತರು.

"ಶಿವಣ್ಣೋರೆ, ಅವತ್ತು ಇಲ್ಲೇ ನಿಂತು ಲೋಕೇಶ ಲೆನ್ಸ್ ಬೀಳಿಸಿದಾನೆ ಅಂದೆ. ಅದು ಸುಳ್ಳು. ಲೆನ್ಸ್ ಸರಿಯಿದೆ. ಕೆಟ್ಟಿರೋದು ನನ್ನ ಕೈ. ನಿಮ್ಮ ತಾಯಿ ಫೋಟೊ ಹಾಳಾಗಿದ್ದು ನನ್ನಿಂದ" ಎಂದು ಬಲಗೈಯನ್ನು ಮುಂದೆ ಚಾಚಿ ಹಿಡಿದರು. ಬೆರಳುಗಳು ನಡುಗುತ್ತಿದ್ದವು.

ಶಿವಣ್ಣನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಬೈಯಲು ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ಅಲ್ಲೇ ಉಳಿದವು. "ಕೂತ್ಕೊಳಿ ಭಾಯ್, ಕೂತ್ಕೊಳಿ" ಎಂದರು. ನಾನು ಕಟ್ಟು ಹಾಕಿಸಿದ ಸಣ್ಣ ಫೋಟೊ ಕೊಟ್ಟು, ಇದಕ್ಕಿಂತ ದೊಡ್ಡದು ಮಾಡಿದರೆ ಮುಖ ಕೆಡುತ್ತದೆ, ಕಂಪ್ಯೂಟರಿನಲ್ಲಿ ಹಿಗ್ಗಿಸಿದಾಗ ಕಂಡದ್ದು ಅದೇ ಎಂದು ವಿವರಿಸಿದೆ. ಉಳಿದ ಮದುವೆ ಫೋಟೊಗಳಲ್ಲಿ ಹೆಚ್ಚಿನವು ಚೆನ್ನಾಗಿಯೇ ಇವೆ, ಆಲ್ಬಮ್ಮಿನ ಅಳತೆಗೆ ಏನೂ ತೊಂದರೆಯಿಲ್ಲ ಎಂದೂ ಹೇಳಿದೆ. ಸವಿತಾ ಫೋಟೊವನ್ನು ಕಿಟಕಿಯ ಬೆಳಕಿಗೆ ಒಯ್ದು ನೋಡಿದಳು. ನೋಡುತ್ತಲೇ ಅತ್ತಳು.

ಪಾರ್ವತಮ್ಮ ಅವಳ ಕೈಯಿಂದ ತೆಗೆದುಕೊಂಡು ನೋಡಿ, "ಅತ್ತೆ ಕೈಯೂ ಹಿಂಗೇ ನಡುಗ್ತಿತ್ತು ಭಾಯ್. ಅನ್ನ ಕಲಸೋಕೂ ಆಗ್ತಿರ್ಲಿಲ್ಲ. ನಮಗೆ ಇದು ಸಾಕು ಬಿಡಿ" ಎಂದರು. ಸಮಾಧಾನಕ್ಕೆ ಆಡಿದ ಮಾತು ಅದೆಂದು ಅನ್ವರ್ ಭಾಯ್‌ಗೆ ತಿಳಿದಿತ್ತು. ಅವರು ತಲೆ ಎತ್ತಲಿಲ್ಲ. ಕೊಟ್ಟ ಕಾಫಿಯನ್ನೂ ಮುಟ್ಟಲಿಲ್ಲ. ಲೋಟ ಹಿಡಿಯಲು ಹೆದರಿದರೋ, ಕುಡಿಯಲು ಮನಸ್ಸಾಗಲಿಲ್ಲವೋ ಗೊತ್ತಿಲ್ಲ.

ವಾಪಸು ಬರುವಾಗ ಮಲವಗೊಪ್ಪದಲ್ಲಿ ಇಳಿದೆವು. ಲೋಕೇಶ ಮನೆಯ ಮುಂದೆ ಸ್ಕೂಟರ್ ಒರೆಸುತ್ತಿದ್ದ. ನಮ್ಮನ್ನು ಕಂಡು ಬಟ್ಟೆ ಕೆಳಗಿಟ್ಟ. ಒಳಗೆ ಬನ್ನಿ ಎನ್ನಲಿಲ್ಲ. ಅವನ ಹೆಂಡತಿ ಗೀತಾ ಬಾಗಿಲಲ್ಲಿ ಬಂದು ನಿಂತಳು.

"ಲೋಕೇಶ, ಲೆನ್ಸ್ ಸರಿಯಿದೆ" ಎಂದರು ಅನ್ವರ್ ಭಾಯ್.

"ಗೊತ್ತು ಭಾಯ್."

"ನನ್ನ ಕೈ ನಡುಗ್ತಿದೆ."

"ಅದೂ ಗೊತ್ತು."

ಅನ್ವರ್ ಭಾಯ್ ಅವನ ಮುಖ ನೋಡುತ್ತ ನಿಂತುಬಿಟ್ಟರು. "ಯಾವಾಗಿಂದ?"

"ಹೋದ ವರ್ಷದಿಂದ. ಒಂದು ನಾಮಕರಣದಲ್ಲಿ ಟೀ ಲೋಟ ಎರಡೂ ಕೈಲಿ ಹಿಡ್ಕೊಂಡು ಕುಡಿದ್ರಿ. ಅವತ್ತೇ ಅನುಮಾನ ಬಂತು. ಆಮೇಲೆ ಫೋಟೊ ನೋಡಿ ಗ್ಯಾರಂಟಿ ಆಯ್ತು. ಅದಕ್ಕೇ ಟ್ರೈಪಾಡ್ ತರೋಕೆ ಶುರು ಮಾಡ್ದೆ. ಫ್ಲ್ಯಾಷ್ ಹಾಕಿ ಹಾಕಿ ಅಂತ ತಲೆ ತಿನ್ನೋಕೆ ಶುರು ಮಾಡ್ದೆ."

"ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ ಮಾರಾಯ?"

"ಹೆಂಗೆ ಹೇಳ್ಲಿ? ಕ್ಯಾಮೆರಾ ಹೆಂಗೆ ಹಿಡೀಬೇಕು ಅಂತ ನನಗೆ ಕಲಿಸಿದವ್ರಿಗೆ, ನಿಮ್ಮ ಕೈ ಹೋಗಿದೆ ಅಂತ ಹೆಂಗೆ ಹೇಳ್ಲಿ? ಸ್ಟುಡಿಯೋ ಹೊಡ್ಕೊಳೋಕೆ ನೋಡ್ತಿದಾನೆ ಅಂತೀರಿ ಅನ್ನೋ ಭಯನೂ ಇತ್ತು." ಕೆಳಗಿಟ್ಟ ಬಟ್ಟೆಯನ್ನು ಎತ್ತಿ ಸ್ಕೂಟರಿನ ಮೇಲೆ ಹಾಕಿ ಅವನೇ ಮುಂದುವರಿಸಿದ. "ಹೇಳಿದ್ರೆ ಆ ಅಜ್ಜಿ ಫೋಟೊನಾದ್ರೂ ಉಳೀತಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ ಭಾಯ್. ಕ್ಯಾಮೆರಾ ಇಸ್ಕೊಂಡು ನಾನೇ ತೆಗೀಬೋದಿತ್ತು. ನೀವು ಬೈದಿದ್ದಕ್ಕಿಂತ ಅದೇ ನನ್ನ ತಿಂತಿದೆ."

ಇನ್ನು ರಾಜಿಯಾಯಿತು ಎಂದು ನನಗೆ ಅನಿಸಿತು. ಅಷ್ಟರಲ್ಲಿ ಗೀತಾ ಮಾತಾಡಿದಳು. ಅವಳ ದನಿ ಜೋರಾಗಿರಲಿಲ್ಲ.

"ಅವತ್ತು ಆ ಮನೇಲಿ ಎಲ್ಲರ ಎದುರಿಗೆ ಇವರನ್ನ ಸುಳ್ಳ ಅಂದ್ರಲ್ಲ ಭಾಯ್."

"ಈಗ ಅದೇ ಮನೇಲಿ, ನನ್ನ ಮಾತು ಸುಳ್ಳು ಅಂತ ಹೇಳಿ ಬಂದೆ ಅಮ್ಮ."

"ಅವತ್ತು ನೆಂಟರು ಮನೆ ತುಂಬ ಇದ್ರು. ಇವತ್ತು ಎಷ್ಟು ಜನ ಇದ್ರು?"

ಅನ್ವರ್ ಭಾಯ್ ಅವತ್ತು ಆಡಿದ್ದ ಮಾತು ಆಗಲೇ ಊರಲ್ಲಿ ಹರಡಿತ್ತು. ಕೆಟ್ಟ ಸಾಮಾನು ಇಟ್ಟುಕೊಂಡು ಮೋಸ ಮಾಡುವವನು ಎಂದು ಯಾರೋ ಹೇಳಿ, ಲೋಕೇಶನಿಗೆ ಗೊತ್ತುಮಾಡಿದ್ದ ಒಂದು ಮದುವೆಯ ಕೆಲಸ ತಪ್ಪಿಹೋಗಿತ್ತು. ಅದನ್ನು ನಮಗೆ ಹೇಳಿದವಳೂ ಗೀತಾ. ನಾವು ಬಂದ ದಾರಿಯಲ್ಲೇ ಹಿಂತಿರುಗಿದೆವು. ಬಸ್ ಸ್ಟಾಪಿನಲ್ಲಿ ಅನ್ವರ್ ಭಾಯ್ ನನ್ನನ್ನು ಶಿವಮೊಗ್ಗದ ಬಸ್ಸಿಗೆ ಹತ್ತಿಸಿ, ತಾವು ರಸ್ತೆ ದಾಟಿ ಮತ್ತೆ ಭದ್ರಾವತಿಯ ಬಸ್ಸು ಹಿಡಿದರು.

ಅವರು ಎಲ್ಲಿಗೆ ಹೋದರೆಂದು ನನಗೆ ಆಮೇಲೆ ಗೊತ್ತಾಯಿತು. ಮತ್ತೆ ಶಿವಣ್ಣನ ಮನೆಗೆ ಹೋಗಿ, ಆ ದಿನ ಅಲ್ಲಿದ್ದ ನೆಂಟರು ಯಾರ್‍ಯಾರು, ಎಲ್ಲಿರುತ್ತಾರೆ ಎಂದು ಕೇಳಿದ್ದರು. ಆಮೇಲಿನ ವಾರಗಳಲ್ಲಿ ಒಂದೊಂದೇ ಮನೆಗೆ ಹೋಗಿ, ಲೋಕೇಶನ ತಪ್ಪಿಲ್ಲ, ತಪ್ಪು ನನ್ನದು ಎಂದು ಹೇಳಿ ಬಂದರು. ಕೆಲವರು ಕೂರಿಸಿ ಊಟ ಹಾಕಿದರಂತೆ. ಕೆಲವರಿಗೆ ಆ ಜಗಳವೇ ಮರೆತುಹೋಗಿತ್ತು. ಒಬ್ಬರಂತೂ, "ಇಷ್ಟಕ್ಕೆ ಇಲ್ಲಿಗಂಟ ಬಂದ್ರಾ?" ಎಂದು ನಕ್ಕರಂತೆ. ಅನ್ವರ್ ಭಾಯ್ ನಗಲಿಲ್ಲ. ಒಂದು ಮನೆಯವರು ಮಾತ್ರ ಬೇರೆ ಊರಿಗೆ ಹೋಗಿದ್ದರು, ಸಿಗಲೇ ಇಲ್ಲ. ಎಷ್ಟೋ ದಿನ ಅದನ್ನೇ ಹೇಳುತ್ತಿದ್ದರು.

ನಡುವೆ ಮಗಳ ಒತ್ತಾಯಕ್ಕೆ ಶಿವಮೊಗ್ಗದಲ್ಲಿ ನರರೋಗದ ಡಾಕ್ಟರಿಗೆ ತೋರಿಸಿದರು. ಪ್ರಾಣಕ್ಕೆ ಅಪಾಯವಿಲ್ಲದ, ಏನನ್ನಾದರೂ ಎತ್ತಿ ಹಿಡಿದಾಗ ಹೆಚ್ಚಾಗುವ ಒಂದು ಬಗೆಯ ನಡುಕ ಅದು, ಅವರ ತಂದೆಗೂ ಇದ್ದಿರಬಹುದು ಎಂದರಂತೆ. ಮಾತ್ರೆಯಿಂದ ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ಅವರು ಮದುವೆ ಫೋಟೊ ತೆಗೆಯುವುದನ್ನು ಬಿಟ್ಟರು. ಸ್ಟುಡಿಯೋದೊಳಗೆ ಟ್ರೈಪಾಡಿನ ಮೇಲೆ ಪಾಸ್‌ಪೋರ್ಟ್ ಫೋಟೊ ಮಾತ್ರ ತೆಗೆಯುತ್ತಿದ್ದರು. ಕೈ ನಡುಗುವ ಮಾತನ್ನು ಯಾರಾದರೂ ಒಬ್ಬರು ಹೇಳಲೇಬೇಕಿತ್ತು ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡರೂ, ಅವರ ಕೈಯಿಂದ ಕ್ಯಾಮೆರಾ ಇಳಿಸಿದವಳು ನಾನು ಎಂಬ ಭಾವನೆ ಹೋಗಿಲ್ಲ.

ಮಳೆಗಾಲ ಕಳೆದ ಮೇಲೆ ಲೋಕೇಶ ಸ್ಟುಡಿಯೋಗೆ ವಾಪಸು ಬಂದ. ಮದುವೆಗಳಲ್ಲಿ ಅವನು ಕ್ಯಾಮೆರಾ ಹಿಡಿದರೆ ಭಾಯ್ ಪಕ್ಕದಲ್ಲಿ ನಿಂತು ಲೈಟು ನೋಡುತ್ತಿದ್ದರು, ಜನರನ್ನು ನಿಲ್ಲಿಸುತ್ತಿದ್ದರು. ಕೆಲಸ ಚೆನ್ನಾಗಿ ನಡೆಯಿತು. ಮೊದಲಿನ ಸಲಿಗೆ ಮಾತ್ರ ಬರಲಿಲ್ಲ. ಲ್ಯಾಬಿಗೆ ಜೊತೆಯಲ್ಲೇ ಬರುತ್ತಿದ್ದರು, ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದರು. ಆ ಮರ್ಯಾದೆಯನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಲ್ಯಾಬ್ ಬಿಟ್ಟು ಈಗ ಕೆಲವು ವರ್ಷಗಳಾಗಿವೆ. ಅಲ್ಲಿದ್ದಷ್ಟು ದಿನ ಹೊಸಬರಿಗೆ ಕೆಲಸ ಕಲಿಸುವಾಗ ಎರಡು ವಿಷಯ ತಪ್ಪದೆ ಹೇಳುತ್ತಿದ್ದೆ. ನೂರು ಪರ್ಸೆಂಟ್ ಇರುವುದು ಮಬ್ಬು ಯಾವ ಬಗೆಯದು, ಎಲ್ಲಿಂದ ಬಂತು ಎಂದು ತಿಳಿಯುವುದಕ್ಕೆ. ಫೋಟೊ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವ ಮೊದಲು, ಜನ ಅದನ್ನು ಕೈಯಲ್ಲಿ ಹಿಡಿದು ನೋಡುವ ಅಳತೆಗೆ ತಂದು ನೋಡಬೇಕು. ಇನ್ನೊಂದು, ಕಾರಣ ಸಿಗುವ ಮೊದಲು ಯಾರ ಹೆಸರನ್ನೂ ಹೇಳಬಾರದು. ಸಿಕ್ಕಿದ ಮೇಲೆ ಸಂಬಂಧಪಟ್ಟವರನ್ನು ಒಬ್ಬರನ್ನೇ ಕರೆದು, ಅವರಿಗೆ ಬೇಕಾದಷ್ಟನ್ನೇ ಹೇಳಬೇಕು. ಮೊದಲನೆಯದನ್ನು ಹುಡುಗರು ಒಂದೇ ವಾರದಲ್ಲಿ ಕಲಿಯುತ್ತಿದ್ದರು. ಎರಡನೆಯದನ್ನು ನಾನೂ ಪೂರ್ತಿ ಕಲಿತಿದ್ದೇನೆಂದು ಹೇಳಲಾರೆ.